ಒಂದೂವರೆ ಇಂಚೋ ಎರಡು ಇಂಚೋ ಅನ್ನೋ ಮೊದಲು ಕೋರ್ ತೆಗೆಸಿ

ಅಮೆರಿಕದ ಮಿನ್ನೆಸೋಟ ರಾಜ್ಯದ ಮಿನಿಯಾಪೊಲಿಸ್ ಪಕ್ಕದ ನಿಮ್ಮ ಟೌನ್‌ಹೋಮ್ (ಸಾಲುಮನೆ) ಸಂಘದ ಪಾರ್ಕಿಂಗ್ ಡಾಂಬರು ಬಿರುಕು ಬಿಟ್ಟಿದೆ, ಯಾವ ಗುತ್ತಿಗೆದಾರನ ಮಾತು ಒಪ್ಪಲಿ ಅಂತ ಕೇಳಿದ್ದೀರಿ. ಒಬ್ಬ ಗುತ್ತಿಗೆದಾರ 1.5 ಇಂಚು ಕೆರೆದು ಹಾಸುತ್ತೇನೆ ಅಂದಿದ್ದಾನೆ, ಇನ್ನೊಬ್ಬ 2 ಇಂಚು. ಅಕ್ಟೋಬರಿನಲ್ಲೇ ಮಿಲ್ಲಿಂಗ್ (ಹಲ್ಲಿನ ಡ್ರಮ್ಮಿರುವ ಯಂತ್ರದಿಂದ ಹಳೇ ಡಾಂಬರು ಕೆರೆದು ತೆಗೆಯುವುದು) ಮುಗಿಸಿ ಮೇ ತಿಂಗಳಲ್ಲಿ ಡಾಂಬರು ಹಾಸೋಣ ಅಂದರೆ ರಿಯಾಯಿತಿ ಬೇರೆ. ಈ ಪ್ರಶ್ನೆ ನನಗೆ ಚೆನ್ನಾಗಿ ಪರಿಚಯ. ಇಬ್ಬರಿಗೂ ಸದ್ಯಕ್ಕೆ ಹೂಂ ಅನ್ನಬೇಡಿ. ನಿಮ್ಮ ಡಾಂಬರಿನೊಳಗೆ ಮೇಲಿನ ಪದರ ಎಷ್ಟು ಆಳದಲ್ಲಿ ಮುಗಿಯುತ್ತದೆ ಅಂತ ಇಬ್ಬರೂ ನೋಡಿಲ್ಲ. ಅದನ್ನು ನೋಡದೆ ಹೇಳಿದ ಆಳ ಬರೀ ಅಂದಾಜು. ನೋಡಲು ಕೋರ್ ತೆಗೆಸಬೇಕು, ಅಂದರೆ ಡಾಂಬರನ್ನು ತಳದವರೆಗೆ ಕೊರೆದು ತೆಗೆದ ದುಂಡನೆಯ ತುಂಡು.

ಅಂಥದ್ದೇ ಅಂದಾಜಿನಲ್ಲಿ ಕೆಟ್ಟ ಒಂದು ಪಾರ್ಕಿಂಗ್ ಜಾಗದ ಲೆಕ್ಕ ಹೇಳುತ್ತೇನೆ. ಹಳೇ ಡಾಂಬರು ಎರಡು ಪದರ: ಕೆಳಗಿನದು 2.5 ಇಂಚು, ಮೇಲಿನದು 1.75. ಕೊಟೇಶನ್‌ನಲ್ಲಿ ಇದ್ದದ್ದು 1.5 ಇಂಚು ಮಿಲ್ಲಿಂಗ್. ಹೇಳಿದಷ್ಟೇ ಕೆರೆದರು, ಮೇಲಿನ ಪದರದಲ್ಲಿ ಕಾಲಿಂಚು ಉಳಿಯಿತು. ಯಂತ್ರ ದಾಟಿದ ಕೂಡಲೇ ನೆಲವೇ ಹೇಳುತ್ತಿತ್ತು. ಒಂದು ಕಡೆ ಹಲ್ಲಿನ ಗೀರು ಸಾಲಾಗಿ ಬಿದ್ದಿದೆ, ಪಕ್ಕದಲ್ಲೇ ಊಟದ ತಟ್ಟೆಯಷ್ಟಗಲ ಗೀರೇ ಇಲ್ಲದ ನುಣುಪು ಮೈ, ಕಾಲಿಂಚು ತಗ್ಗು. ಉಳಿದ ತೆಳು ಪದರ ಅಲ್ಲಲ್ಲಿ ತಾನಾಗಿಯೇ ಕಿತ್ತುಹೋಗಿತ್ತು. ಕಿತ್ತುಹೋಗದ ಕಡೆ ಸುತ್ತಿಗೆಯಲ್ಲಿ ತಟ್ಟಿದರೆ ಟೊಳ್ಳು ಸದ್ದು. ಅಲ್ಲೇ ಕೆಲಸ ನಿಲ್ಲಿಸಿ ಇನ್ನರ್ಧ ಇಂಚು ಕೆರೆಯಬೇಕಿತ್ತು. ಅದು ಬಿಟ್ಟು ಗುಡಿಸಿ, ಟ್ಯಾಕ್ ಕೋಟ್ (ಹಳೇ ಮೈಗೆ ಹೊಸ ಡಾಂಬರು ಅಂಟಲು ಸಿಂಪಡಿಸುವ ತೆಳು ಲೇಪ) ಹೊಡೆದು ಹಾಸಿಬಿಟ್ಟರು.

ಫೆಬ್ರವರಿಯಲ್ಲಿ, ಕಾರುಗಳು ನಿಂತಲ್ಲೇ ಸ್ಟೀರಿಂಗ್ ತಿರುಗಿಸುವ ಜಾಗದಲ್ಲಿ, ಹೊಸ ಡಾಂಬರು ಚಪ್ಪಟೆ ತುಂಡುಗಳಾಗಿ ಏಳತೊಡಗಿತು. ಟ್ಯಾಕ್ ಕಡಿಮೆ ಹೊಡೆದಿದ್ದಾರೆ ಅಂತ ಎಲ್ಲರ ದೂರು. ತುಂಡನ್ನು ಮಗುಚಿ ನೋಡಿದರೆ ಹೊಸ ಡಾಂಬರಿನ ಅಡಿಗೆ ಆ ಹಳೇ ಕಾಲಿಂಚು ಭದ್ರವಾಗಿ ಕಚ್ಚಿಕೊಂಡೇ ಇತ್ತು. ಟ್ಯಾಕ್ ತನ್ನ ಕೆಲಸ ಮಾಡಿತ್ತು. ಬಿಟ್ಟುಕೊಂಡದ್ದು ಅದರ ಕೆಳಗೆ, ಹಳೇ ಎರಡು ಪದರಗಳು ಕೂಡುವ ಸಂದು: ಜಲ್ಲಿಗೆ ಕಪ್ಪು ಹೊಳಪೇ ಇಲ್ಲ, ಮೇಲೆ ಬೂದು ಮಣ್ಣಿನ ತೆಳು ಲೇಪ. ಪೊರೆ ಎದ್ದ ಹಳೇ ಸುಣ್ಣದ ಮೇಲೆ ಎಷ್ಟು ಒಳ್ಳೇ ಬಣ್ಣ ಬಳಿದರೂ ಪೊರೆಯ ಜೊತೆಗೇ ಉದುರುವಂತೆ ಆಯಿತು.

ಚಳಿಯ ಊರಿನಲ್ಲಿ ಇದು ಇಷ್ಟು ಬೇಗ ಬಯಲಾಗಲು ಕಾರಣವಿದೆ. ಆ ಸಂದಿಗೆ ಬಿರುಕಿನಿಂದ ಇಳಿದ ನೀರು ರಾತ್ರಿ ಹೆಪ್ಪುಗಟ್ಟಿ ಸುಮಾರು 9 ಶೇಕಡಾ ಹಿಗ್ಗುತ್ತದೆ, ಹಗಲು ಉಪ್ಪು ಬಿದ್ದು ಕರಗುತ್ತದೆ, ಮತ್ತೆ ಹೆಪ್ಪುಗಟ್ಟುತ್ತದೆ. ಬೆಚ್ಚನೆಯ ಊರಿನಲ್ಲಿ ವರ್ಷಗಟ್ಟಲೆ ದೂಡಬಹುದಾದ ದೋಷ ಇಲ್ಲಿ ಒಂದೇ ಚಳಿಗಾಲಕ್ಕೆ ಹೊರಬೀಳುತ್ತದೆ.

ಹಾಗಾಗಿ ನಿಯಮ ಇಷ್ಟು: ಪದರದ ಸಂದಿಗಿಂತ ಕಾಲಿಂಚಿನಿಂದ ಅರ್ಧ ಇಂಚು ಕೆಳಗೆ ಕೆರೆಯಬೇಕು. ಆ ಕೆಟ್ಟ ಪಾರ್ಕಿಂಗಿಗೆ ಬೇಕಿದ್ದದ್ದು 2 ಅಥವಾ 2.25 ಇಂಚು. ನಿಮ್ಮದಕ್ಕೆ ಎಷ್ಟು ಅಂತ ಕೋರ್ ಹೇಳುತ್ತದೆ. 4 ಇಂಚು ವ್ಯಾಸದ್ದು ಸಾಕು: ಓಡಾಡುವ ದಾರಿಯಲ್ಲಿ ಒಂದು, ಕಾರು ನಿಲ್ಲುವ ಕಡೆ ಒಂದು, ನೀರಿಳಿಯುವ ಗುಂಡಿಯ ಹತ್ತಿರ ಒಂದು, ದೊಡ್ಡ ಅಡ್ಡ ಬಿರುಕಿನ ಮೇಲೆಯೇ ಒಂದು. ಕೊನೆಯದನ್ನು ಬಿಡಬೇಡಿ. ಇಲ್ಲಿನ ಅಡ್ಡ ಬಿರುಕುಗಳು ಚಳಿಗೆ ಡಾಂಬರು ಕುಗ್ಗಿ ಆದಂಥವು, ಹೆಚ್ಚಿನವು ಪೂರ್ತಿ ತಳದವರೆಗೆ ಇರುತ್ತವೆ. 2 ಇಂಚು ಕೆರೆದರೆ ಬಿರುಕಿನ ತಲೆ ಹೋಗುತ್ತದೆ, ಬುಡ ಉಳಿಯುತ್ತದೆ, ಮತ್ತೆ ಮೇಲೆ ಬರುತ್ತದೆ. ವರ್ಷಕ್ಕೆ ಸುಮಾರು ಒಂದಿಂಚು ಏರುತ್ತದೆ ಅನ್ನೋದು ಈ ಕಸುಬಿನ ಸಾಮಾನ್ಯ ಅಂದಾಜು. ಬಿರುಕಿನ ಕೋರ್ ಕೆಳಗೆ ಪುಡಿಪುಡಿಯಾಗಿ ಬಂದರೆ ಆ ಪಟ್ಟಿಯನ್ನು ಗರಗಸದಲ್ಲಿ ಕತ್ತರಿಸಿ ಪೂರ್ತಿ ಆಳ ತೆಗೆದು ತುಂಬಿಸಬೇಕು, ಮಿಲ್ಲಿಂಗ್ ಅದಕ್ಕೆ ಮದ್ದಲ್ಲ. ಒಟ್ಟು ದಪ್ಪವೇ 3 ಇಂಚು ಅಂತ ಬಂದರೆ ಮಿಲ್ಲಿಂಗ್ ಯೋಚನೆಯನ್ನೇ ಕೈಬಿಡಿ. ಕೆರೆದ ಮೇಲೆ 2 ಇಂಚಾದರೂ ಗಟ್ಟಿ ಡಾಂಬರು ಉಳಿಯದಿದ್ದರೆ ತುಂಬಿದ ಲಾರಿ ಅದನ್ನು ಮುರಿದುಕೊಂಡು ಜಲ್ಲಿಗೆ ಇಳಿಯುತ್ತದೆ.

ಕೆರೆಯದೆ ಮೇಲೆಯೇ ಹಾಸಿದರೆ ಅಗ್ಗ ಅಂತ ನಿಮ್ಮ ಸಂಘದಲ್ಲಿ ಯಾರಾದರೂ ಹೇಳೇ ಹೇಳುತ್ತಾರೆ. ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಡಾಂಬರಿನ ಮೇಲೆ ಡಾಂಬರು ಬಿದ್ದು ಮನೆಯ ಗೇಟು ರಸ್ತೆಗಿಂತ ಕೆಳಗಾಗಿರುವುದನ್ನು ನೆನಪಿಸಿ. ಇಲ್ಲಿ 6 ಇಂಚಿನ ಕರ್ಬ್ (ಅಂಚುಕಟ್ಟೆ) 4 ಇಂಚಾಗುತ್ತದೆ, ಗಾಲಿಕುರ್ಚಿಯವರ ಜಾಗದ ಇಳಿಜಾರು 2 ಶೇಕಡಾ ಮಿತಿ ಮೀರುವ ಸಾಧ್ಯತೆಯೂ ಇದೆ.

ಅಕ್ಟೋಬರಿನಲ್ಲಿ ಕೆರೆದು ಮೇ ತಿಂಗಳಲ್ಲಿ ಹಾಸುವ ರಿಯಾಯಿತಿ ಬೇಡವೇ ಬೇಡ. ಅದು ಅವರ ಯಂತ್ರ ಖಾಲಿ ಇರುವುದಕ್ಕೆ ಸಿಗುವ ರಿಯಾಯಿತಿ. ಕೆರೆದ ಮೈ ತುಂಬ ಗೀರು, ನೀರು ಹರಿಯದೆ ಅಲ್ಲೇ ನಿಲ್ಲುತ್ತದೆ. ಮ್ಯಾನ್‌ಹೋಲ್ ಬಳೆಗಳು 2 ಇಂಚು ಮೇಲೆ ಚಾಚಿರುತ್ತವೆ, ಹಿಮ ತಳ್ಳುವ ಗಾಡಿಯ ಅಲಗು ಬಂದು ಬಡಿಯುತ್ತದೆ. ಮಾರ್ಚ್-ಏಪ್ರಿಲಿನಲ್ಲಿ ನೆಲ ಕರಗಿ ಮೆತ್ತಗಾಗುವ ಹೊತ್ತಿಗೆ ಮೇಲಿರುವುದು ಅರ್ಧ ಡಾಂಬರು ಮಾತ್ರ. ಕೆರೆದ ದಿನವೇ, ತಪ್ಪಿದರೆ ಒಂದೆರಡು ದಿನದಲ್ಲಿ, ಹಾಸಬೇಕು. ಡಾಂಬರು ಮಿಶ್ರಣ ತಯಾರಿಸುವ ಪ್ಲಾಂಟುಗಳು ನವೆಂಬರಿನ ಹೊತ್ತಿಗೆ ಮುಚ್ಚುತ್ತವೆ. ಅಷ್ಟರೊಳಗೆ ಎರಡೂ ಆಗದಿದ್ದರೆ ಈ ವರ್ಷ ಬಿರುಕಿಗೆ ಸೀಲ್ ಹಾಕಿಸಿ, ಗುಂಡಿ ಮುಚ್ಚಿಸಿ, ಸುಮ್ಮನಿರಿ.

ಅಕ್ಟೋಬರಿನಲ್ಲೇ ಹಾಸುವುದಾದರೆ ದಪ್ಪದಲ್ಲಿ ಉಳಿತಾಯ ಮಾಡಬೇಡಿ. ಹಾಸಿದ ಡಾಂಬರು ಆರುವ ಸಮಯ ಹೆಚ್ಚುಕಡಿಮೆ ದಪ್ಪದ ವರ್ಗಕ್ಕೆ (ದಪ್ಪವನ್ನು ದಪ್ಪದಿಂದಲೇ ಗುಣಿಸಿದ್ದಕ್ಕೆ) ತಕ್ಕಂತೆ ಬದಲಾಗುತ್ತದೆ. 1.5 ಇಂಚಿನ ಬದಲು 2 ಇಂಚು ಹಾಸಿದರೆ ರೋಲರ್‌ಗೆ ಸಿಗುವ ಹೊತ್ತು ಮುಕ್ಕಾಲು ಪಾಲು ಜಾಸ್ತಿ. 80 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದ ಮೇಲೆ ಎಷ್ಟು ಉರುಳಿಸಿದರೂ ಅದು ಅದುಮಿ ಗಟ್ಟಿಯಾಗುವುದಿಲ್ಲ. ಗಾಳಿ, ತಾಪಮಾನ, ದಪ್ಪ ಕೊಟ್ಟರೆ ಎಷ್ಟು ನಿಮಿಷ ಇದೆ ಅಂತ ಹೇಳುವ ಪೇವ್‌ಕೂಲ್ ಎಂಬ ಪ್ರೋಗ್ರಾಂ ಮಿನ್ನೆಸೋಟದಲ್ಲೇ ತಯಾರಾದದ್ದು. ಗುತ್ತಿಗೆದಾರ ಅದನ್ನು ನೋಡುತ್ತಾನಾ ಅಂತ ಕೇಳಿ. ಮೇಲಿನ ಪದರಕ್ಕೆ ಪಿಜಿ 58-34 ದರ್ಜೆಯ ಬೈಂಡರ್ (ಜಲ್ಲಿಯನ್ನು ಹಿಡಿದಿಡುವ ಡಾಂಬರಿನ ಅಂಟು) ಕೇಳಿ. ಆ 34 ಅಂದರೆ ಮೈನಸ್ 34 ಡಿಗ್ರಿವರೆಗೆ ಚಳಿಯ ಬಿರುಕು ತಡೆಯುವಂತೆ ಆರಿಸಿದ ದರ್ಜೆ. 58-28 ಕೊಟ್ಟರೆ ಅಡ್ಡ ಬಿರುಕು ಬೇಗ ಬರುತ್ತದೆ.

ಕೆಲಸದ ದಿನ ನಿಂತು ನೋಡಬೇಕಾದ್ದು ಎರಡು. ಒಂದು, ಗೀರುಗಳ ನಡುವೆ ಉದ್ದಕ್ಕೂ ಒಂದೇ ದಿಣ್ಣೆ ಓಡಿದ್ದರೆ ಡ್ರಮ್ಮಿನಲ್ಲಿ ಒಂದು ಹಲ್ಲು ಮುರಿದಿದೆ. ಬದಲಾಯಿಸಿ ಅನ್ನಿ, ಕೆಲವೇ ನಿಮಿಷದ ಕೆಲಸ. ಎರಡು, ಧೂಳು. ಹಲ್ಲು ಬಿಸಿಯಾಗದಿರಲಿ ಅಂತ ಯಂತ್ರ ನೀರು ಸಿಂಪಡಿಸುತ್ತದೆ, ಪುಡಿ ಅದರಲ್ಲಿ ಕಲಸಿ ಗೀರಿನೊಳಗೆ ಕೆಸರಾಗಿ ಕೂರುತ್ತದೆ. ಒಂದು ಸಲ ಗುಡಿಸಿದರೆ ಹೋಗುವುದಿಲ್ಲ. ಎರಡು ಸಲ ಗುಡಿಸಿ, ಬ್ಲೋವರ್‌ನಿಂದ ಊದಿ, ಒಣಗಿದ ಮೇಲೆ ಅಂಗೈ ಒತ್ತಿ ನೋಡಿ. ಕೈಗೆ ಬೂದು ಹತ್ತಿದರೆ ಟ್ಯಾಕ್ ಧೂಳಿಗೆ ಅಂಟುತ್ತದೆ, ನೆಲಕ್ಕಲ್ಲ. ಕೆರೆದ ಮೈಗೆ ಟ್ಯಾಕ್ ಜಾಸ್ತಿ ಬೇಕು: ನೀರು ಆರಿದ ಮೇಲೆ ಚದರ ಗಜಕ್ಕೆ 0.04ರಿಂದ 0.08 ಗ್ಯಾಲನ್ ಉಳಿಯಬೇಕು. ಟ್ಯಾಕ್ ಆಗಿ ಸಿಂಪಡಿಸುವ ಎಮಲ್ಷನ್ನಿನಲ್ಲಿ ಡಾಂಬರು ಸುಮಾರು 60 ಶೇಕಡಾ, ಉಳಿದದ್ದು ನೀರು, ಆದ್ದರಿಂದ ಸಿಂಪಡಿಸುವುದು 0.07ರಿಂದ 0.13. ಟ್ಯಾಕ್‌ನ ಕಂದು ಬಣ್ಣ ಪೂರ್ತಿ ಕಪ್ಪಾಗುವವರೆಗೆ ಲಾರಿ ಬಿಡಬಾರದು, ಚಳಿಯಲ್ಲಿ ಅದಕ್ಕೆ ಹೊತ್ತು ಹಿಡಿಯುತ್ತದೆ.

ಬಿಲ್ ತಾಳೆ ನೋಡಲು: ಚದರ ಗಜಕ್ಕೆ ಒಂದಿಂಚು ದಪ್ಪ ಅಂದರೆ 110 ಪೌಂಡ್. 2000 ಚದರ ಗಜಕ್ಕೆ 2 ಇಂಚು ಹಾಸಿದರೆ 220 ಟನ್ (ಇಲ್ಲಿನ ಟನ್ 2000 ಪೌಂಡ್), ಲಾರಿ ಚೀಟಿಗಳ ಮೊತ್ತ ಅದರ ಆಸುಪಾಸು ಬರಬೇಕು. ಕೆರೆದು ತೆಗೆದದ್ದೂ ಹೆಚ್ಚುಕಡಿಮೆ ಅಷ್ಟೇ ತೂಕ, ಅದು ಪ್ಲಾಂಟಿಗೆ ಹೋಗಿ ಹೊಸ ಮಿಶ್ರಣಕ್ಕೆ ಸೇರುತ್ತದೆ, ಅದಕ್ಕೆ ಬೆಲೆ ಇದೆ. ಕೊಟೇಶನ್‌ನಲ್ಲಿ ಅದನ್ನು ಸಾಗಿಸುವ ಖರ್ಚು ನಿಮ್ಮ ಮೇಲೆ ಹಾಕಿದ್ದರೆ ಚೌಕಾಸಿ ಅಲ್ಲಿಂದ ಶುರು ಮಾಡಿ, ಡಾಂಬರಿನ ದಪ್ಪದಿಂದ ಬೇಡ.