ಕಾಮನಬಿಲ್ಲಲ್ಲಿ ಕೆಂಪು ಮೇಲ್ಯಾಕೆ? ಗೈಡ್ ಪಕ್ಕಕ್ಕಿಟ್ಟು ಓದಿ

ಪ್ರಶ್ನೆ: ಸರ್, ಮಗಳ ಪುಸ್ತಕದ ಚಿತ್ರದಲ್ಲಿ ಮಳೆಹನಿಯಿಂದ ಹೊರಗೆ ಬರೋವಾಗ ನೇರಳೆ ಮೇಲಿದೆ, ಕೆಂಪು ಕೆಳಗಿದೆ. ಆಕಾಶದಲ್ಲಿ ನೋಡಿದ್ರೆ ಉಲ್ಟಾ. ಚಿತ್ರ ತಪ್ಪಾ?

ಉತ್ತರ: ಚಿತ್ರ ಸರಿ ಇದೆ. ಪ್ರತಿ ಮಳೆಗಾಲ ಇದೇ ಪ್ರಶ್ನೆ ಬರತ್ತೆ, ಹಂಗಾಗಿ ಈ ಸಲ ಪೂರ್ತಿ ಹೇಳಿಬಿಡ್ತೀನಿ, ಕಟ್ ಮಾಡಿ ಇಟ್ಕೊಳ್ಳಿ. ಬೆಳಕು ಬಾಗೋದು, ಬಣ್ಣ ಬೇರೆಯಾಗೋದು ಎಲ್ಲ ಹೈಸ್ಕೂಲಲ್ಲೇ ಆಗಿದೆ, ಅದನ್ನ ಬಿಡ್ತೀನಿ.

ನೀವು ಎಡವಿರೋದು ಒಂದೇ ಕಡೆ, ಒಂದೇ ಹನಿಯಿಂದ ಎಲ್ಲಾ ಬಣ್ಣನೂ ನಿಮ್ಮ ಕಣ್ಣಿಗೆ ಬರತ್ತೆ ಅಂದ್ಕೊಂಡಿದೀರಿ. ಬರಲ್ಲ. ಬಿಸಿಲು ಬಂದ ದಾರಿಗೆ ಸುಮಾರು 42 ಡಿಗ್ರಿ ಓರೆಯಾಗಿ ಕೆಂಪು ವಾಪಸ್ ಬರತ್ತೆ, ನೇರಳೆ 40ರ ಹತ್ರ. ಮೇಲಿನ ಹನಿಯ ಕೆಂಪು ನಿಮ್ಮ ಕಣ್ಣಿಗೆ ಬಿತ್ತು ಅಂದ್ರೆ ಅದೇ ಹನಿಯ ನೇರಳೆ ನಿಮ್ಮ ತಲೆ ಮೇಲೆ ಹಾದು ಹೋಯ್ತು. ಕೆಳಗಿನ ಹನಿಯ ನೇರಳೆ ಕಣ್ಣಿಗೆ ಬಿದ್ರೆ ಅದರ ಕೆಂಪು ಇನ್ನೂ ಕೆಳಗೆ, ನೆಲದ ಕಡೆಗೆ. ಅದಕ್ಕೇ ಕೆಂಪು ಮೇಲೆ ಕಾಣತ್ತೆ. ಪಕ್ಕದಲ್ಲಿ ನಿಂತ ಮಗಳಿಗೆ ಬಣ್ಣ ಕಳಿಸೋ ಹನಿಗಳೇ ಬೇರೆ, ಅವಳ ಬಿಲ್ಲೇ ಬೇರೆ.

ನಂಬಿಕೆ ಇಲ್ಲಾಂದ್ರೆ ಸಂಜೆ ಐದಕ್ಕೆ ಗಿಡಕ್ಕೆ ನೀರು ಬಿಡೋ ಪೈಪ್ ತಗೊಳ್ಳಿ, ಸೂರ್ಯಂಗೆ ಬೆನ್ನು ಮಾಡಿ ನಿಂತು ಪೈಪ್ ಬಾಯಿಗೆ ಹೆಬ್ಬೆರಳು ಒತ್ತಿ ಸಣ್ಣ ತುಂತುರು ಹಾರಿಸಿ, ನಿಮ್ಮ ತಲೆಯ ನೆರಳು ಎಲ್ಲಿ ಬಿದ್ದಿದೆ ನೋಡ್ಕೊಳ್ಳಿ. ಕೈ ಪೂರ್ತಿ ಚಾಚಿ ಗೇಣು ಬಿಡಿಸಿದ್ರೆ ಹೆಚ್ಚುಕಮ್ಮಿ 20 ಡಿಗ್ರಿ. ನೆರಳಿನ ತಲೆಯಿಂದ ಎರಡು ಗೇಣು ಅಳೀರಿ, ಬಣ್ಣದ ಮೇಲೇ ಬಂದು ಕೂರತ್ತೆ. (ನಾನು ಇದನ್ನ ಮಾಡೋವಾಗ ಪಕ್ಕದ ಮನೆಯವರು ನೀರು ವೇಸ್ಟ್ ಮಾಡ್ತಾರೆ ಅಂತ ಗೊಣಗ್ತಾರೆ, ಗೊಣಗ್ಲಿ.) ಸೂರ್ಯ 42 ಡಿಗ್ರಿಗಿಂತ ಮೇಲೇರಿದ್ರೆ ಆಕಾಶದಲ್ಲಿ ಬಿಲ್ಲು ಕಾಣ್ಬೇಕಾದ ಜಾಗ ದಿಗಂತದ ಕೆಳಗೆ ಹೋಗತ್ತೆ, ಆದ್ದರಿಂದ ನಡುಮಧ್ಯಾಹ್ನದ ಮಳೆಯಲ್ಲಿ ಬಿಲ್ಲು ಹುಡುಕ್ಬೇಡಿ. 2021ರ ಮೇ 24ಕ್ಕೆ ಬೆಂಗಳೂರಲ್ಲಿ ಸೂರ್ಯನ ಸುತ್ತ ಕಂಡ ಬಳೆ ಕಾಮನಬಿಲ್ಲಲ್ಲ, ಅದು ಎತ್ತರದ ಮೋಡದ ಐಸ್ ಹರಳುಗಳ ಕೆಲಸ.

ಇನ್ನು ಗೈಡ್‌ಗಳ ವಿಷಯ. ಹನಿಯೊಳಗೆ ‘ಪೂರ್ಣ ಆಂತರಿಕ ಪ್ರತಿಫಲನ’ (ಬೆಳಕು ಚೂರೂ ಆಚೆ ಹೋಗದೆ ಪೂರ್ತಿ ಒಳಗೇ ವಾಪಸ್ ಪುಟಿಯೋದು) ಆಗತ್ತೆ ಅಂತ ಬರೆದು ಮಕ್ಕಳ ತಲೆಗೆ ತುಂಬ್ತಾರಲ್ಲ, ನನಗೆ ಮೈಯೆಲ್ಲ ಉರಿಯತ್ತೆ. ಗುಂಡಗಿರೋ ಹನಿಯಲ್ಲಿ ಬೆಳಕು ಒಳಗೆ ಬರೋವಾಗ ಬಾಗಿದ ಕೋನದಲ್ಲೇ ಹಿಂದಿನ ಗೋಡೆಗೂ ಹೊಡೆಯತ್ತೆ, ನೀರಲ್ಲಿ ಅದು ಸುಮಾರು 49 ಡಿಗ್ರಿ ದಾಟೋಕೆ ಸಾಧ್ಯನೇ ಇಲ್ಲ, ಪೂರ್ಣ ಆಗ್ಬೇಕಂದ್ರೆ ಅದನ್ನ ದಾಟಲೇಬೇಕು, ಅಂದ್ಮೇಲೆ ಹೆಂಗಾಗತ್ತೆ? ಹೆಚ್ಚಿನ ಬೆಳಕು ಹಿಂದಿನಿಂದ ಆಚೆ ಹೋಗಿಬಿಡತ್ತೆ, ಉಳಿದ ಚೂರಲ್ಲೇ ಇಷ್ಟು ಬಣ್ಣ.

ಪ್ರಶ್ನೆ: ಕನ್ನಡಿ ಎಡ ಬಲ ಅದಲು ಬದಲು ಮಾಡತ್ತೆ, ತಲೆ ಕಾಲು ಯಾಕೆ ಮಾಡಲ್ಲ?

ಉತ್ತರ: ಎಡ ಬಲನೂ ಮಾಡಲ್ಲ, ಹಿಂದು ಮುಂದು ಮಾಡತ್ತೆ. ಬಲಗೈ ಎತ್ತಿ, ಕನ್ನಡಿಯಲ್ಲೂ ಬಲಗಡೆ ಇರೋ ಕೈಯೇ ಏಳತ್ತೆ.

ಪ್ರಶ್ನೆ: ಸಮುದ್ರ ನೀಲಿ ಕಾಣೋದು ಬರೀ ಆಕಾಶದ ಪ್ರತಿಬಿಂಬ ತಾನೆ?

ಉತ್ತರ: 1921ರಲ್ಲಿ ಸಿ.ವಿ. ರಾಮನ್ ಹಡಗಿನ ಡೆಕ್ಕಲ್ಲಿ ನಿಂತು ನಿಕೋಲ್ ಪ್ರಿಸಂ (ಮೇಲ್ಮೈ ಹೊಳಪಿನ ಬೆಳಕನ್ನ ಸೋಸೋ ಹರಳು) ಹಿಡಿದು ನೀರಿನ ಮೇಲ್ಮೈ ಪ್ರತಿಫಲನ ಕಳೆದು ನೋಡಿದ್ರು, ಆಗ್ಲೂ ನೀಲಿ ಉಳೀತು. ನೂರು ವರ್ಷ ದಾಟಿದೆ ಸ್ವಾಮಿ.

ಪ್ರಶ್ನೆ: ನೀಲಿ ಬಾಟ್ಲಲ್ಲಿ ನೀರು ಬಿಸಿಲಿಗಿಟ್ಟು ಕುಡಿದ್ರೆ ಶುಗರ್ ಇಳಿಯತ್ತಂತೆ?

ಉತ್ತರ: ಬಾಟ್ಲಿ ಬೇರೆ ಬಣ್ಣ ತಡೆಯತ್ತೆ, ನೀರು ಬಿಸಿ ಆಗತ್ತೆ, ಅಷ್ಟೇ. ನೀರಲ್ಲಿ ಬಣ್ಣ ಕೂತಿರಲ್ಲ. ಇದನ್ನ ಮಾರೋನನ್ನ ನಂಬಿ ಮಾತ್ರೆ ನಿಲ್ಲಿಸಿದ್ರೆ ಅನುಭವಿಸೋರು ನೀವೇ.

ಪ್ರಶ್ನೆ: ಊರ ಕಲ್ಯಾಣಿ ನೀರು ತಿಳಿಯಾಗಿದೆ, ತಳ ಕಾಣತ್ತೆ. ಮಕ್ಕಳನ್ನ ಇಳಿಸಬಹುದಾ?

ಉತ್ತರ: ಬೇಡ. ನೇರ ಮೇಲಿಂದ ನೋಡಿದ್ರೆ 8 ಅಡಿ ನೀರು 6 ಅಡಿ ಅನ್ಸತ್ತೆ, ಮೆಟ್ಟಿಲ ಮೇಲಿಂದ ಓರೆಯಾಗಿ ನೋಡಿದ್ರೆ ಇನ್ನೂ ಕಮ್ಮಿ. ಕೋಲು ಇಳಿಸಿ ಅಳೀರಿ, ಆದ್ರೆ ಕೋಲು ನೀರಲ್ಲಿದ್ದಾಗ ಲೆಕ್ಕ ಹಾಕ್ಬೇಡಿ, ಅದೂ ಮೋಸನೇ. ಆಚೆ ತೆಗೆದು ಎಲ್ಲಿವರೆಗೆ ಒದ್ದೆ ಆಗಿದೆ ನೋಡಿ.