ಎರಡು ದಿನದ ಕ್ಯೋಟೊ: ಬಂಗಾರದ ದೇಗುಲ ಬಿಟ್ಟರೂ ಮೂವತ್ಮೂರು ಅಂಕಣ ಬಿಡಬೇಡಿ
ವಯಸ್ಸಾದ ಅಪ್ಪ ಅಮ್ಮನ ಜೊತೆ ಜಪಾನಿನ ಕ್ಯೋಟೊಗೆ ಹೋಗಿ, ಎರಡೇ ದಿನದಲ್ಲಿ ಫುಶಿಮಿ ಇನಾರಿ, ಕಿಯೊಮಿಝು ದೇಗುಲಗಳು, ಬಂಗಾರದ ದೇಗುಲ ಕಿಂಕಾಕುಜಿ, ಬಿದಿರು ತೋಪಿನ ಅರಾಶಿಯಾಮಾ, ಹತ್ತಿರದ ಊರು ನಾರಾ ಎಲ್ಲವನ್ನೂ ಮುಗಿಸಬಹುದೇ ಅಂತ ಕೇಳಿದ್ದೀರಿ. ಬೇಡ. ಕಿಂಕಾಕುಜಿ ಇರುವುದು ಊರಿನ ವಾಯವ್ಯಕ್ಕೆ, ಅರಾಶಿಯಾಮಾ ಪಶ್ಚಿಮದ ಅಂಚಿಗೆ. ಉಳಿದವೆಲ್ಲ ಪೂರ್ವಕ್ಕೆ, ದಕ್ಷಿಣಕ್ಕೆ. ಕಿಂಕಾಕುಜಿ ಬಾಗಿಲವರೆಗೆ ರೈಲಿಲ್ಲ, ಕಿಕ್ಕಿರಿದ ಸಿಟಿ ಬಸ್ಸೇ ಗತಿ. ಬಂಗಾರದ ಕಟ್ಟಡವೂ 1950ರಲ್ಲಿ ಸುಟ್ಟುಹೋಗಿ 1955ರಲ್ಲಿ ಮತ್ತೆ ಎದ್ದದ್ದು; ಅದರೊಳಗೆ ಯಾರನ್ನೂ ಬಿಡುವುದಿಲ್ಲ. ಕಿಂಕಾಕುಜಿ, ಅರಾಶಿಯಾಮಾ ಎರಡನ್ನೂ ಈ ಸಲ ಕೈಬಿಡಿ.

ಮೊದಲ ದಿನ ಬೆಳಿಗ್ಗೆ ಏಳರೊಳಗೆ ಇನಾರಿಯಲ್ಲಿರಿ. ಟಿಕೆಟ್ ಇಲ್ಲ, ಹಗಲು ರಾತ್ರಿ ತೆರೆದಿರುತ್ತದೆ. ಕ್ಯೋಟೊ ನಿಲ್ದಾಣದಿಂದ ಜೆಆರ್ (ಜಪಾನ್ ರೈಲ್ವೆ) ನಾರಾ ಮಾರ್ಗದಲ್ಲಿ ಎರಡನೇ ಸ್ಟಾಪ್. ಆದರೆ ಲೋಕಲ್ ರೈಲನ್ನೇ ಹತ್ತಿ, ಮಿಯಾಕೊಜಿ ರ‍್ಯಾಪಿಡ್ ಅಲ್ಲಿ ನಿಲ್ಲುವುದಿಲ್ಲ. 233 ಮೀಟರಿನ ಬೆಟ್ಟವನ್ನು ಪೂರ್ತಿ ಸುತ್ತಿ ಬರಲು ಸುಮಾರು ಎರಡು ಗಂಟೆ, ಬಹುಪಾಲು ಮೆಟ್ಟಿಲು. ಹಿರಿಯರಿಗೆ ಕೆಂಪು ಕಮಾನುಗಳ ದಟ್ಟ ಸಾಲು ದಾಟಿ ಸಿಗುವ ಒಳಗುಡಿ ಒಕುಶಾವರೆಗೆ ಸಾಕು. ಹೋಗುವಾಗ ಬರಿದಾಗಿ ಕಂಡ ಕಂಬಗಳನ್ನು ಹಿಂದಿರುಗುವಾಗ ನೋಡಿ: ಹರಕೆಯಾಗಿ ಅವನ್ನು ಕೊಟ್ಟವರ ಹೆಸರು, ದಿನಾಂಕ ಎಲ್ಲ ಆ ಬದಿಗೇ ಇವೆ.

ಅಲ್ಲಿಂದ ಕೇಹಾನ್ ಎಂಬ ಖಾಸಗಿ ಕಂಪನಿಯ ರೈಲಿನಲ್ಲಿ ಶಿಚಿಜೊ ನಿಲ್ದಾಣಕ್ಕೆ ಬಂದು, ಏಳೆಂಟು ನಿಮಿಷ ನಡೆದರೆ ಸಾಂಜೂಸಾಂಗೆನ್‌ದೊ. ಹೆಸರಿನ ಅರ್ಥವೇ ಕಂಬಗಳ ನಡುವೆ ಮೂವತ್ಮೂರು ಅಂಕಣವಿರುವ ಮಂಟಪ. ಉದ್ದ ಸುಮಾರು 120 ಮೀಟರ್. 1249ರ ಬೆಂಕಿಯ ನಂತರ 1266ರಲ್ಲಿ ಮತ್ತೆ ಕಟ್ಟಿದ್ದು. ಒಳಗೆ ಕರುಣೆಯ ದೇವತೆ ಕನ್ನೊನ್‌ನ 1001 ಮರದ ವಿಗ್ರಹ. ನಡುವೆ ಕುಳಿತಿರುವ ದೊಡ್ಡದನ್ನು ಶಿಲ್ಪಿ ತಾಂಕೇ ಮುಗಿಸಿದ್ದು 1254ರಲ್ಲಿ, ತನ್ನ ಇಳಿವಯಸ್ಸಿನಲ್ಲಿ. ನಮ್ಮ ಕಡೆಯವರಿಗೆ ಇದಕ್ಕಿಂತ ಹತ್ತಿರವಾಗುವುದು ಮುಂದೆ ಸಾಲಾಗಿ ನಿಂತ 28 ರಕ್ಷಕ ದೇವತೆಗಳು. ಇಂದ್ರನಿದ್ದಾನೆ, ಬ್ರಹ್ಮನಿದ್ದಾನೆ, ಕೊಳಲೂದುವ ಗರುಡನಿದ್ದಾನೆ. ಸಾಲಿನ ಒಂದು ತುದಿಗೆ ಗಾಳಿಚೀಲ ಹೊತ್ತ ವಾಯು, ಇನ್ನೊಂದು ತುದಿಗೆ ಗುಡುಗಿನ ದೇವರು. ಅಪ್ಪ ಅಮ್ಮನಿಗೆ ಒಬ್ಬೊಬ್ಬರನ್ನೇ ತೋರಿಸಿ, ಒಂದು ಗಂಟೆ ಕೊಡಿ. ಫೋಟೊ ತೆಗೆಯುವಂತಿಲ್ಲ, ಚಪ್ಪಲಿ ಬಿಟ್ಟು ಹೋಗಬೇಕು. ಚಳಿಗಾಲದಲ್ಲಿ ಮರದ ನೆಲ ಕೊರೆಯುತ್ತದೆ, ದಪ್ಪ ಕಾಲುಚೀಲ ಇರಲಿ.

ಕಿಯೊಮಿಝುಗೆ ಇಲ್ಲಿಂದ ಟ್ಯಾಕ್ಸಿ ಮಾಡಿ. ಬಸ್ಸಿಳಿದ ಮೇಲೂ ಹತ್ತು ಹದಿನೈದು ನಿಮಿಷದ ಏರುದಾರಿ ಇರುತ್ತದೆ. ಟ್ಯಾಕ್ಸಿಯ ಹಿಂಬಾಗಿಲು ತಾನೇ ತೆರೆದುಕೊಳ್ಳುತ್ತದೆ, ಎಳೆಯಬೇಡಿ.

ಎರಡನೇ ದಿನ ನಾರಾ. ಜೆಆರ್‌ಗಿಂತ ಕಿಂತೆತ್ಸು ಎಂಬ ಖಾಸಗಿ ಕಂಪನಿಯ ನಾರಾ ನಿಲ್ದಾಣ ಜಿಂಕೆಗಳಿರುವ ಉದ್ಯಾನಕ್ಕೆ ಹತ್ತಿರ. ಅಲ್ಲಿಗೆ ಹೋಗುವ ಲಿಮಿಟೆಡ್ ಎಕ್ಸ್‌ಪ್ರೆಸ್‌ಗೆ ಬೇರೆ ಟಿಕೆಟ್ ಬೇಕು, ಮಾಮೂಲು ಎಕ್ಸ್‌ಪ್ರೆಸ್‌ಗೆ ಬೇಡ. ಅಲ್ಲಿನ ತೋದೈಜಿ ದೇಗುಲದ ಮಹಾಬುದ್ಧನ ವಿಗ್ರಹಕ್ಕೆ 752ರಲ್ಲಿ ಕಣ್ಣು ಬರೆದವನು ಭಾರತದಿಂದ ಹೋಗಿದ್ದ ಭಿಕ್ಷು ಬೋಧಿಸೇನ. ಹೊರಗೆ ಜಿಂಕೆಗಳಿಗೆ ಅಲ್ಲೇ ಮಾರುವ ಬಿಸ್ಕತ್ತು ಮಾತ್ರ ಕೊಡಿ. ಮುಗಿದ ಮೇಲೆ ಎರಡೂ ಅಂಗೈ ಬಿಚ್ಚಿ ತೋರಿಸಿ. ಕೈಯಲ್ಲಿ ನಕ್ಷೆ, ಟಿಕೆಟ್ ಹಿಡಿದಿದ್ದರೆ ಅದನ್ನೂ ತಿನ್ನುತ್ತವೆ.

ಸಸ್ಯಾಹಾರಿಗಳಾದರೆ ಒಂದು ಮಾತು. ಮಾಂಸ ಬೇಡ ಅಂದರೆ ಕಣ್ಣಿಗೆ ಕಾಣುವ ತುಂಡನ್ನಷ್ಟೇ ತೆಗೆದು ಕೊಡುವುದುಂಟು. ಊದೊನ್ (ದಪ್ಪ ಗೋಧಿ ನೂಡಲ್ಸ್), ಮಿಸೊ (ಹುದುಗಿಸಿದ ಸೋಯಾ) ಸಾರುಗಳ ಬುಡದಲ್ಲಿರುವ ‘ದಾಶಿ’ ಎಂಬ ತಿಳಿಸಾರು ಸಾಮಾನ್ಯವಾಗಿ ಮೀನಿನದು, ಹಾಗಾಗಿ ದಾಶಿಯನ್ನೇ ಹೆಸರಿಟ್ಟು ಕೇಳಿ. ಮಠದ ಊಟವಾದ ‘ಶೋಜಿನ್ ರ‍್ಯೋರಿ’ಯಲ್ಲಿ ಮೀನು ಮಾಂಸ ಎರಡೂ ಇಲ್ಲ, ಆದರೆ ಹೆಚ್ಚಿನ ಕಡೆ ಮುಂಚೆಯೇ ಕಾಯ್ದಿರಿಸಬೇಕು.