ಫ್ಯೂಜಿಯಲ್ಲಿ ಲೌಡಾ ಕಾರು ನಿಲ್ಲಿಸಿದ್ದು

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ನೀವು ಕೊಟ್ಟ ಫಾರ್ಮುಲಾ ಒನ್ ಕಾರ್ ರೇಸಿಂಗ್ ಇತಿಹಾಸದ ಮಹತ್ವದ ಗಳಿಗೆಗಳ ಪಟ್ಟಿಯಲ್ಲಿ, 1976ರ ಜಪಾನ್ ರೇಸನ್ನು ಫೆರಾರಿ ತಂಡದ ಚಾಲಕ ನಿಕಿ ಲೌಡಾ ಮಳೆಯಲ್ಲಿ ಅರ್ಧಕ್ಕೇ ಬಿಟ್ಟದ್ದು ಮೇಲಿದೆ, ಅದೇ ದಿನ ಅವರ ಎದುರಾಳಿ ಜೇಮ್ಸ್ ಹಂಟ್ ವಿಶ್ವ ಚಾಂಪಿಯನ್ ಆದದ್ದು ಕೆಳಗಿದೆ. ಮಳೆ ಆಮೇಲೆ ನಿಂತಿತಲ್ಲ? ಹೆದರಿ ಹಿಂದೆ ಸರಿದದ್ದು ಹಿರಿಮೆ ಹೇಗಾಯಿತು? ಆಮೇಲೆ ಅವರು ಗೆದ್ದದ್ದಾದರೂ ಉಂಟೇ?
– ಓದುಗರೊಬ್ಬರು, ಶಿವಮೊಗ್ಗ

ಸಂಪಾದಕರ ಉತ್ತರ: ಹೆದರಿದರು ಎಂಬ ನಿಮ್ಮ ಮಾತು ನಿಜ. ಲೌಡಾ ಅದನ್ನು ಎಂದೂ ಮುಚ್ಚಿಡಲಿಲ್ಲ. ನನ್ನ ಮೆಚ್ಚುಗೆ ಶುರುವಾಗುವುದೇ ಅಲ್ಲಿಂದ.

ಆ ವರ್ಷದ ಆಗಸ್ಟ್ 1ಕ್ಕೆ ಹೋಗೋಣ. ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ ಒಂದು ಸುತ್ತೆಂದರೆ ಸುಮಾರು 23 ಕಿಲೋಮೀಟರ್ ಕಾಡುದಾರಿ. ಅಷ್ಟುದ್ದಕ್ಕೂ ಬೆಂಕಿ ಆರಿಸುವವರನ್ನು, ವೈದ್ಯರನ್ನು ನಿಲ್ಲಿಸುವುದು ಆಗದ ಮಾತು, ಇಲ್ಲಿ ರೇಸ್ ಬೇಡ ಎಂದು ಲೌಡಾ ಸಹ ಚಾಲಕರಲ್ಲಿ ವಾದಿಸಿದ್ದರು. ಬಹುಮತ ಒಪ್ಪಲಿಲ್ಲ. ಎರಡನೆಯ ಸುತ್ತಿನಲ್ಲಿ, ಬೆರ್ಗ್‌ವೆರ್ಕ್ ತಿರುವಿಗೆ ಮುನ್ನ, ಅವರದೇ ಫೆರಾರಿ ದಿಬ್ಬಕ್ಕೆ ಬಡಿದು ಹೊತ್ತಿಕೊಂಡಿತು. ಉರಿಯುವ ಕಾರಿನಿಂದ ಅವರನ್ನು ಎಳೆದು ತೆಗೆದವರು ಹಿಂದೆ ಬರುತ್ತಿದ್ದ ನಾಲ್ವರು ಚಾಲಕರು: ಅರ್ತೂರೊ ಮೆರ್ಝಾರಿಯೊ, ಗೈ ಎಡ್ವರ್ಡ್ಸ್, ಬ್ರೆಟ್ ಲಂಗರ್, ಹರಾಲ್ಡ್ ಎರ್ಟ್ಲ್. ಬೆಂಕಿಯೊಳಗೆ ಕೈಯಿಟ್ಟು ಸೀಟ್ ಬೆಲ್ಟ್ ಬಿಡಿಸಿದವರು ಮೆರ್ಝಾರಿಯೊ. ಈ ನಾಲ್ಕು ಹೆಸರುಗಳನ್ನು ರೇಸ್ ಪ್ರಿಯರು ಗೆದ್ದವರ ಹೆಸರಿನಷ್ಟೇ ನೆನಪಿಡಬೇಕು ಎಂಬುದು ನನ್ನ ಆಸೆ.

ಹೆಲ್ಮೆಟ್ ಕಳಚಿದ್ದರಿಂದ ತಲೆ, ಮುಖ ಸುಟ್ಟಿದ್ದವು. ವಿಷದ ಹೊಗೆ ಶ್ವಾಸಕೋಶಕ್ಕೆ ಇಳಿದಿತ್ತು. ಆಸ್ಪತ್ರೆಯಲ್ಲಿ ಪಾದ್ರಿಯೊಬ್ಬರು ಬಂದು ಅಂತಿಮ ಸಂಸ್ಕಾರದ ಪ್ರಾರ್ಥನೆಯನ್ನೂ ಮಾಡಿದರು. ಅಂಥವರು ಆರು ವಾರಗಳಲ್ಲಿ, ಸೆಪ್ಟೆಂಬರ್ 12ರಂದು, ಇಟಲಿಯ ಮೊಂಜಾದಲ್ಲಿ ಹಸಿ ಗಾಯದ ಬ್ಯಾಂಡೇಜಿನ ಮೇಲೆ ಹೆಲ್ಮೆಟ್ ತೊಟ್ಟು ನಾಲ್ಕನೆಯವರಾಗಿ ಬಂದರು. ಇವರನ್ನು ಪುಕ್ಕಲು ಎನ್ನಲು ನನಗೆ ಬಾಯಿ ಬರುವುದಿಲ್ಲ.

ಅಕ್ಟೋಬರ್ 24, ಜಪಾನಿನ ಫ್ಯೂಜಿ, ವರ್ಷದ ಕೊನೆಯ ರೇಸ್. ಅಲ್ಲಿಯವರೆಗೆ ಲೌಡಾಗೆ 68 ಅಂಕ, ಹಂಟ್‌ಗೆ 65. ಟ್ರ್ಯಾಕಿನ ಮೇಲೆ ನೀರು ಹರಿಯುತ್ತಿತ್ತು, ಮುಂದಿನ ಕಾರು ಎರಚುವ ನೀರಿನಲ್ಲಿ ಹಿಂದಿನವರಿಗೆ ದಾರಿಯೇ ಕಾಣದು. ಸುಟ್ಟ ರೆಪ್ಪೆಗಳಿಂದಾಗಿ ಲೌಡಾಗೆ ಸರಿಯಾಗಿ ಕಣ್ಣು ಮಿಟುಕಿಸಲೂ ಆಗುತ್ತಿರಲಿಲ್ಲ. ಎರಡು ಸುತ್ತು ಓಡಿಸಿ ಪಿಟ್‌ಗೆ, ಅಂದರೆ ಟ್ರ್ಯಾಕಿನ ಪಕ್ಕ ತಂಡದವರು ಕಾಯುವ ಜಾಗಕ್ಕೆ, ಬಂದು ಇಳಿದುಬಿಟ್ಟರು. ಎಮರ್ಸನ್ ಫಿಟ್ಟಿಪಾಲ್ಡಿ, ಕಾರ್ಲೋಸ್ ಪಾಚೆ ಕೂಡ ಅಂದು ತಾವಾಗಿಯೇ ಕಾರು ನಿಲ್ಲಿಸಿದರು. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ನಾನು ಪಟ್ಟಿಯಲ್ಲಿ ಮೇಲಿಟ್ಟದ್ದು ಇದರ ಬೆನ್ನಿಗೇ ನಡೆದದ್ದನ್ನು. ಫೆರಾರಿಯ ತಾಂತ್ರಿಕ ಮುಖ್ಯಸ್ಥ ಮೌರೊ ಫೋರ್ಗಿಯೇರಿ, ಎಂಜಿನ್ ಕೆಟ್ಟಿತೆಂದು ಹೇಳಿಬಿಡೋಣ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಲೌಡಾ ಹೂಂ ಎಂದಿದ್ದರೆ ಇಂದು ನೀವು ಈ ಪತ್ರ ಬರೆಯುತ್ತಲೂ ಇರಲಿಲ್ಲ, ಪಾಪ ಅದೃಷ್ಟ ಕೈಕೊಟ್ಟಿತು ಎನ್ನುತ್ತಿದ್ದಿರಿ. ಅವರು ಬೇಡವೆಂದರು. ನಿಲ್ಲಿಸಿದ್ದು ನಾನೇ ಎಂದರು. ವಿಶ್ವ ಪ್ರಶಸ್ತಿ ಕೈತಪ್ಪುವ ಹೊತ್ತಿನಲ್ಲಿ, ಯಾರೂ ಪತ್ತೆಹಚ್ಚಲಾಗದ ನೆಪ ಕಾಲಬುಡದಲ್ಲೇ ಬಿದ್ದಿರುವಾಗ, ಅದನ್ನು ದಾಟಿ ಹೋದರಲ್ಲ, ಅದಕ್ಕಿಂತ ದೊಡ್ಡ ಧೈರ್ಯವನ್ನು ನಾನು ಈ ಕ್ರೀಡೆಯಲ್ಲಿ ಕಂಡಿಲ್ಲ.

ಮಳೆ ನಿಂತದ್ದು ನಿಜ. ಆದರೆ ಅದು ನಿಲ್ಲುತ್ತದೆಂದು ಎರಡನೆಯ ಸುತ್ತಿನಲ್ಲಿ ಯಾರಿಗೆ ಗೊತ್ತಿತ್ತು? ಹಂಟ್ ಅವರ ಸಾಧನೆಯನ್ನೂ ನಾನು ಕಿರಿದು ಮಾಡುತ್ತಿಲ್ಲ. ಕೊನೆಗೆ ಟೈರು ಬದಲಿಸಲು ನಿಂತು ಹಿಂದೆ ಬಿದ್ದರೂ, ಮತ್ತೆ ನುಗ್ಗಿ ಮೂರನೆಯವರಾಗಿ 4 ಅಂಕ ಗಳಿಸಿ, 69–68ರಲ್ಲಿ ಚಾಂಪಿಯನ್ ಆದರು. ಅದು ಪಟ್ಟಿಯಲ್ಲಿರಲೇಬೇಕು, ಇದೆ. ಕ್ರಮ ಮಾತ್ರ ಬದಲಾಗದು.

ನಿಮ್ಮ ಕೊನೆಯ ಪ್ರಶ್ನೆಗೆ: ಗೆದ್ದರು. 1977ರಲ್ಲಿ ಅದೇ ಫೆರಾರಿಯಲ್ಲಿ ವಿಶ್ವ ಪ್ರಶಸ್ತಿ ಗೆದ್ದು, ಎರಡು ರೇಸ್ ಉಳಿದಿರುವಾಗಲೇ ತಂಡ ಬಿಟ್ಟರು. 1984ರಲ್ಲಿ ಮೆಕ್ಲಾರೆನ್ ಕಾರಿನಲ್ಲಿ ಮತ್ತೊಮ್ಮೆ ಗೆದ್ದರು, ಅದೇ ತಂಡದ ಅಲೆನ್ ಪ್ರಾಸ್ಟ್‌ಗಿಂತ ಕೇವಲ ಅರ್ಧ ಅಂಕ ಹೆಚ್ಚು ಪಡೆದು. ಆ ಅರ್ಧ ಅಂಕದ ಲೆಕ್ಕ ಹುಟ್ಟಿದ್ದು ಆ ವರ್ಷದ ಮೊನಾಕೊದಲ್ಲಿ. ಮಳೆ ಜೋರಾದದ್ದರಿಂದ ರೇಸನ್ನು ನಡುವೆಯೇ ನಿಲ್ಲಿಸಿ, ಗೆದ್ದ ಪ್ರಾಸ್ಟ್‌ಗೆ ಗೆಲುವಿಗೆ ಸಿಗಬೇಕಾದ ಅಂಕಗಳಲ್ಲಿ ಅರ್ಧದಷ್ಟನ್ನೇ ಕೊಟ್ಟಿದ್ದರು.